ಕೋಳಿಮರಿಯ ಬೆಲೆ



ನಾವು ಅಂಗಡಿಯಿಂದ ತರುವ ಸಾಮಾನುಗಳಲ್ಲಿ ಬಹುಪಾಲು ನಿರ್ಜೀವವಾದವು. ಪಾತ್ರೆಯೊಂದನ್ನು ತಂದು ಮೂಲೆಯಲ್ಲಿಟ್ಟು ವಾರವೆಲ್ಲ ಮರೆತಿದ್ದರೂ ಅದು ಪಾತ್ರೆಯಾಗಿಯೇ ಇರುತ್ತದೆ. ಬೆಲೆ ಕೊಟ್ಟೊಡನೆ ವ್ಯವಹಾರವು ಮುಗಿಯಿತು. ಜೀವವುಳ್ಳದ್ದನ್ನು ಕೊಂಡಾಗ ಹಾಗಲ್ಲ. ಅಲ್ಲಿ ಬೆಲೆ ಕೊಟ್ಟ ಗಳಿಗೆಯಿಂದಲೇ ನಮ್ಮ ಕೆಲಸವು ಆರಂಭವಾಗುತ್ತದೆ. ಈ ಮಾತನ್ನು ಒಂದು ಸಣ್ಣ ಜೀವಿಯ ನಿದರ್ಶನದಿಂದ ವಿಚಾರಿಸೋಣ. ಅದು ಕೋಳಿಮರಿ. ಅಮೆರಿಕ ದೇಶದಲ್ಲಿ ಇದನ್ನು ಬೇಸಾಯದ ಸಾಮಗ್ರಿಗಳ ಅಂಗಡಿಯಲ್ಲಿ, ಹಗ್ಗ, ಮೊಳೆ, ಬೀಜ, ದನದ ಮೇವುಗಳ ಜೊತೆಯಲ್ಲಿ ಮಾರುತ್ತಾರೆ. ನಮ್ಮ ಮುಂಬಯಿಯಂತಹ ನಗರಗಳಲ್ಲಿ ಬೀದಿಯ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವುದನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಎರಡೆಡೆಯಲ್ಲಿಯೂ ಬೆಲೆ ಅಲ್ಪವೇ. ಆ ಅಲ್ಪ ಬೆಲೆಯ ಜೊತೆಗೆ ಕೊಳ್ಳುವವನ ಮೇಲೆ ಬೀಳುವ ಹೊಣೆ ಎಷ್ಟೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ತಾಯಿಯ ಕೆಲಸ

ರಜೆಯಲ್ಲಿ ಊರಿಗೆ ಹೋಗಿಬಂದವರು ಕಾವಿಗೆ ಕುಳಿತ ಹೇಂಟೆಯನ್ನು ನೋಡಿರುತ್ತಾರೆ. ಹೇಂಟೆಯು ದಿನಕ್ಕೊಂದರಂತೆ, ನಡುನಡುವೆ ಒಂದೊಂದು ದಿನ ಬಿಟ್ಟು, ಹತ್ತು ಹನ್ನೆರಡು ಮೊಟ್ಟೆಗಳನ್ನಿಡುತ್ತದೆ. ಮೊದಲನೆಯ ಮೊಟ್ಟೆಗೂ ಕಡೆಯದಕ್ಕೂ ಎರಡು ವಾರಗಳ ಅಂತರವಿದ್ದರೂ ಮರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ಇದಕ್ಕೆ ಕಾರಣವೇನೆಂದರೆ, ಕಾವು ದೊರೆಯುವವರೆಗೆ ಮೊಟ್ಟೆಯೊಳಗಿನ ಬೆಳವಣಿಗೆಯು ತಡೆದು ನಿಂತಿರುತ್ತದೆ. ಹೇಂಟೆಯು ಕಾವಿಗೆ ಕುಳಿತ ದಿನದಿಂದ ಎಣಿಸಿದರೆ ಸುಮಾರು ೨೧ ದಿನಗಳಿಗೆ ಮರಿಯಾಗುತ್ತದೆ. ಈ ಅವಧಿಯಲ್ಲಿ ಅದು ಮೇವು ನೀರುಗಳಿಗಾಗಿ ಅಲ್ಪಕಾಲ ಮಾತ್ರ ಗೂಡನ್ನು ಬಿಟ್ಟೇಳುತ್ತದೆ. ಮೊಟ್ಟೆಗಳನ್ನು ದಿನವೂ ಹಲವು ಸಲ ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುವ ಸಂಭವವುಂಟು.

ಮರಿಯಾದ ಮೇಲೆ ತಾಯಿಯ ಕೆಲಸವು ಇಮ್ಮಡಿಯಾಗುತ್ತದೆ. ಮರಿಯ ಮೈಮೇಲಿರುವುದು ಗರಿಯಲ್ಲ, ನವಿರಾದ ತುಪ್ಪಟ. ಬೆಳೆದ ಕೋಳಿಯ ಮೈಶಾಖವು ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್. ಆ ಶಾಖವನ್ನು ತನ್ನಿಂದ ತಾನೇ ಕಾಪಾಡಿಕೊಳ್ಳುವ ಶಕ್ತಿಯು ಎಳೆಯ ಮರಿಗೆ ಇರುವುದಿಲ್ಲ. ಆದುದರಿಂದ ಅದು ಆಗಾಗ ತಾಯಿಯ ರೆಕ್ಕೆಯಡಿಗೆ ಓಡಿಬರುತ್ತದೆ. ತಾಯಿಯು ನೆಲವನ್ನು ಕೆದರಿ, ಕಾಳನ್ನು ಕೊಕ್ಕಿನಿಂದ ಎತ್ತಿ ಹಾಕಿ, ಕೊಕ್ಕೊಕ್ಕೆಂದು ಕರೆದು ತಿನ್ನಲು ಕಲಿಸುತ್ತದೆ, ನೀರಿರುವೆಡೆಗೆ ಕರೆದೊಯ್ಯುತ್ತದೆ, ಹದ್ದಿನ ನೆರಳು ಬಿದ್ದರೆ ಕೂಗಿ ಎಚ್ಚರಿಸುತ್ತದೆ. ಕಾವು, ಆಹಾರ, ನೀರು, ರಕ್ಷಣೆ ಎಂಬ ಈ ನಾಲ್ಕು ಕೆಲಸಗಳನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿರಿ. ಮುಂದೆ ಹೇಳುವುದಕ್ಕೆಲ್ಲ ಇವೇ ಆಧಾರ.

ತಾಯಿಯಿಲ್ಲದೆ ಹುಟ್ಟುವ ಮರಿ

ಹೇಂಟೆಯ ನೆರವಿಲ್ಲದೆ ಮರಿ ಮಾಡಿಸುವ ವಿದ್ಯೆ ಹೊಸದೇನಲ್ಲ. ಈಜಿಪ್ಟ್ ದೇಶದವರು ಪ್ರಾಚೀನ ಕಾಲದಲ್ಲಿಯೇ ಮಣ್ಣಿನ ಇಟ್ಟಿಗೆಯ ದೊಡ್ಡ ಗೂಡುಗಳನ್ನು ಕಟ್ಟಿ, ಹದವಾದ ಬೆಂಕಿಯ ಶಾಖದಿಂದ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ಉಷ್ಣಮಾಪಕವಿಲ್ಲದ ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖದ ಪ್ರಮಾಣವನ್ನು ಅರಿಯುತ್ತಿದ್ದರು. ೧೮೭೯ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಪೆಟಲೂಮ ಎಂಬ ಊರಿನಲ್ಲಿ ಲೈಮನ್ ಬೈಸ್ ಮತ್ತು ಐಸಾಕ್ ಡಯಾಸ್ ಎಂಬಿಬ್ಬರು ಒಂದು ಕಾವುಯಂತ್ರವನ್ನು ಸಿದ್ಧಪಡಿಸಿದರು. ಇಂತಹ ಯಂತ್ರದಲ್ಲಿ ಶಾಖವನ್ನು ಸುಮಾರು ೩೭.೫ ಡಿಗ್ರಿಯಲ್ಲಿ ನಿಲ್ಲಿಸಬೇಕು, ತಕ್ಕ ತೇವವನ್ನು ಕಾಪಾಡಬೇಕು, ಮೊಟ್ಟೆಗಳನ್ನು ಹೊರಳಿಸಬೇಕು. ಯಂತ್ರ ಮಾಡುವುದು ಹೇಂಟೆ ಮಾಡಿದ ಕೆಲಸವನ್ನೇ.

ಯಂತ್ರದಿಂದ ಒಂದೇ ದಿನ ಸಾವಿರಾರು ಮರಿಗಳಾದರೆ ಅವುಗಳನ್ನು ದೂರದ ಊರುಗಳಿಗೆ ಕಳುಹಿಸುವುದು ಹೇಗೆ? ದಾರಿಯಲ್ಲಿ ಉಣಿಸುವವರಾರು? ಇಲ್ಲಿ ನಿಸರ್ಗದ ಒಂದು ಏರ್ಪಾಡು ಮನುಷ್ಯನ ನೆರವಿಗೆ ಬಂದಿತು. ಮರಿಯು ಚಿಪ್ಪನ್ನೊಡೆಯುವ ಮುನ್ನ, ಮೊಟ್ಟೆಯಲ್ಲಿ ಉಳಿದಿರುವ ಹಳದಿಯ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಇದು ಅದರ ಬುತ್ತಿ. ಈ ಬುತ್ತಿಯ ಬಲದಿಂದ ಮರಿಯು ಎರಡು ಮೂರು ದಿನ ಅನ್ನನೀರಿಲ್ಲದೆ ಜೀವಿಸಿರಬಲ್ಲುದು. ಹೇಂಟೆಯ ಅಡಿಯಲ್ಲಿ ಎಲ್ಲ ಮೊಟ್ಟೆಗಳೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ; ಮೊದಲು ಹುಟ್ಟಿದ ಮರಿಯು ತನ್ನ ಒಡಹುಟ್ಟುಗಳಿಗಾಗಿ ಕಾಯಬೇಕು. ಆ ಕಾಯುವಿಕೆಗೆಂದು ದೊರೆತ ಬುತ್ತಿಯನ್ನೇ ವ್ಯಾಪಾರಿಗಳು ಪ್ರಯಾಣಕ್ಕೆ ಬಳಸಿಕೊಂಡರು. ೧೯೧೮ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಒಂದು ದಿನದ ಕೋಳಿಮರಿಗಳನ್ನು ಅಂಚೆಯಲ್ಲಿ ಸಾಗಿಸಲು ಒಪ್ಪಿಕೊಂಡಿತು. ಗಾಳಿಯಾಡುವ ರಂಧ್ರಗಳುಳ್ಳ ಪೆಟ್ಟಿಗೆಗಳಲ್ಲಿ ಮರಿಗಳು ಊರೂರಿಗೆ ಹೋಗತೊಡಗಿದವು. ಆದರೆ ಬುತ್ತಿಯಿದೆಯೆಂದು ಉಪವಾಸವನ್ನು ಬೇಕೆಂದು ಬೆಳೆಸಕೂಡದು. ಬೇಗ ನೀರು ಮೇವುಗಳನ್ನು ಕಂಡ ಮರಿಯೇ ಚೆನ್ನಾಗಿ ಬೆಳೆಯುತ್ತದೆ.

ವಸಂತಕಾಲದ ಅಂಗಡಿ

ಇಂದು ಅಮೆರಿಕದ ಹಳ್ಳಿಪಟ್ಟಣಗಳಲ್ಲಿ ಇಂತಹ ಮರಿಗಳು ಬೇಸಾಯದ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳಲ್ಲಿ ಪ್ರಸಿದ್ಧವಾದ ಟ್ರ್ಯಾಕ್ಟರ್ ಸಪ್ಲೈ ಸಂಸ್ಥೆಯು ೧೯೩೮ರಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರುವ ವ್ಯಾಪಾರವಾಗಿ ಷಿಕಾಗೋ ನಗರದಲ್ಲಿ ಆರಂಭವಾಯಿತು. ಈಗ ಅದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಿವೆ. ಪ್ರತಿ ವಸಂತದಲ್ಲಿಯೂ ಅಲ್ಲಿ ತಗಡಿನ ತೊಟ್ಟಿಗಳಲ್ಲಿ ಮರದ ಹೊಟ್ಟನ್ನು ಹಾಸಿ, ಮೇಲೆ ಶಾಖದ ದೀಪವನ್ನು ಇಳಿಬಿಟ್ಟು, ಜಾತಿಗೊಂದು ತೊಟ್ಟಿಯಂತೆ ಮರಿಗಳನ್ನು ಇಡುತ್ತಾರೆ. ವಸಂತವೇ ಏಕೆಂದರೆ, ಆ ದೇಶದ ಕೊರೆಯುವ ಚಳಿಯು ಆಗ ಇಳಿಮುಖವಾಗುತ್ತದೆ. ಅಲ್ಲದೆ ಹೇಂಟೆಯು ಮೊದಲ ಮೊಟ್ಟೆಯನ್ನಿಡುವುದು ಸುಮಾರು ೧೮ರಿಂದ ೨೦ ವಾರಗಳಿಗೆ. ವಸಂತದ ಮರಿಯು ಮುಂದಿನ ಚಳಿಗಾಲ ಬರುವ ಮೊದಲೇ ಮೊಟ್ಟೆಗೆ ಬರುತ್ತದೆ.

ಅಲ್ಲಿನ ಕೆಲವು ರಾಜ್ಯಗಳ ಕಾನೂನಿನಂತೆಯೂ ಹಲವು ಅಂಗಡಿಗಳ ನಿಯಮದಂತೆಯೂ ಒಂದೆರಡು ಮರಿಗಳನ್ನು ಮಾತ್ರ ಕೊಳ್ಳಲು ಬರುವುದಿಲ್ಲ; ಆರೋ ಅಥವಾ ಬೇರೆ ನಿಗದಿಯಾದ ಸಂಖ್ಯೆಯೋ ಕೊಳ್ಳಬೇಕು. ಮೇಲುನೋಟಕ್ಕೆ ಇದು ವ್ಯಾಪಾರಿಯ ಲಾಭದ ಉಪಾಯವೆಂದು ತೋರಬಹುದು. ಆದರೆ ಕೋಳಿಯು ಗುಂಪಿನ ಪ್ರಾಣಿ. ಒಂಟಿಮರಿಯು ಬೆದರಿ ಕೂಗುತ್ತಲೇ ಇರುತ್ತದೆ, ಗುಂಪಿನಲ್ಲಿ ಮರಿಗಳು ಒಂದಕ್ಕೊಂದು ಬೆಚ್ಚಗಿರುತ್ತವೆ. ಎರಡನೆಯದಾಗಿ, ಈಸ್ಟರ್ ಹಬ್ಬದ ದಿನಗಳಲ್ಲಿ ಮಕ್ಕಳಿಗೆ ಆಟಿಕೆಯೆಂದು ಒಂದು ಮರಿಯನ್ನು ಕೊಂಡು ಎರಡು ದಿನಗಳಲ್ಲಿ ಕೈಬಿಡುವ ಅಭ್ಯಾಸಕ್ಕೆ ಇದು ತಡೆ. ಮರಿಗಳಿಗೆ ಬಣ್ಣ ಹಚ್ಚಿ ಮಾರುವುದನ್ನು ಅಲ್ಲಿನ ಹಲವು ರಾಜ್ಯಗಳು ನಿಷೇಧಿಸಿವೆ.

ಫಲಕವನ್ನು ಓದುವ ಬಗೆ

ತೊಟ್ಟಿಯ ಮೇಲೆ ತೂಗುವ ಫಲಕದಲ್ಲಿ ಬೆಲೆಯೊಂದೇ ಇರುವುದಿಲ್ಲ. ಜಾಣನಾದ ಗ್ರಾಹಕನು ಮೂರು ವಿಷಯಗಳನ್ನು ವಿಚಾರಿಸುತ್ತಾನೆ.

ಮೊದಲನೆಯದು ತಳಿ. ಬಿಳಿ ಲೆಗ್‌ಹಾರ್ನ್ ಮೊಟ್ಟೆಗೆ ಹೆಸರಾದದ್ದು. ರೋಡ್ ಐಲೆಂಡ್ ರೆಡ್ ಮೊಟ್ಟೆಗೂ ಮಾಂಸಕ್ಕೂ ಸಲ್ಲುತ್ತದೆ. ಬ್ರಾಯ್ಲರ್ ಎಂಬುದು ಆರೇಳು ವಾರಗಳಲ್ಲಿಯೇ ಮಾಂಸಕ್ಕೆಂದು ಬೆಳೆಯುವ ತಳಿ. ಮೂರರ ಮರಿಗಳೂ ಮೊದಲ ದಿನ ಮುದ್ದಾಗಿಯೇ ಇರುತ್ತವೆ. ಬಯಸಿದ್ದೊಂದು, ಕೊಂಡದ್ದೊಂದು ಆಗದಿರಲು ಹೆಸರನ್ನು ಕೇಳಬೇಕು.

ಎರಡನೆಯದು ಹೆಣ್ಣೋ ಗಂಡೋ ಎಂಬುದು. ಒಂದು ದಿನದ ಮರಿಯಲ್ಲಿ ಇದನ್ನು ಸಾಮಾನ್ಯರು ಗುರುತಿಸಲಾರರು. ಮರಿಯ ಗುದದ್ವಾರದಲ್ಲಿರುವ ಅತಿ ಸೂಕ್ಷ್ಮವಾದ ಉಬ್ಬನ್ನು ನೋಡಿ ಗುರುತಿಸುವ ವಿಧಾನವನ್ನು ಜಪಾನಿನ ಮಸುಯಿ ಮತ್ತು ಹಶಿಮೋಟೊ ಎಂಬ ವಿಜ್ಞಾನಿಗಳು ರೂಪಿಸಿದರು. ಅವರ ಪುಸ್ತಕವು ೧೯೩೩ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟವಾಗಿ ಈ ವಿದ್ಯೆಯು ಲೋಕಕ್ಕೆಲ್ಲ ಹರಡಿತು. ಕೆಲವು ಮಿಶ್ರತಳಿಗಳಲ್ಲಿ ಬಣ್ಣವೇ ಗುರುತು. ರೋಡ್ ಐಲೆಂಡ್ ರೆಡ್ ಹುಂಜಕ್ಕೂ ಪಟ್ಟೆಪಟ್ಟೆಯ ಪ್ಲಿಮತ್ ರಾಕ್ ಹೇಂಟೆಗೂ ಹುಟ್ಟಿದ ಕಪ್ಪು ಮರಿಗಳಲ್ಲಿ ಗಂಡಿನ ತಲೆಯ ಮೇಲೆ ಬಿಳಿಯ ಚುಕ್ಕೆಯಿರುತ್ತದೆ, ಹೆಣ್ಣಿಗಿಲ್ಲ.

ವಿಂಗಡಿಸದ ಮರಿಗಳು ಅಗ್ಗ, ವಿಂಗಡಿಸಿದ ಹೆಣ್ಣುಮರಿಗಳು ತುಟ್ಟಿ. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ವಿಂಗಡಿಸದ ಆರು ಮರಿಗಳನ್ನು ಕೊಂಡರೆ ಸರಾಸರಿಯಲ್ಲಿ ಮೂರು ಹೇಂಟೆ, ಮೂರು ಹುಂಜ. ಆರೂ ಹುಂಜಗಳೇ ಆಗುವ ಸಂಭವವು ೬೪ರಲ್ಲಿ ಒಂದು. ಇನ್ನು ವಿಂಗಡಿಸಿದ ಹೆಣ್ಣುಮರಿಗಳಲ್ಲಿ ಗುರುತು ನೂರಕ್ಕೆ ೯೦ರಷ್ಟು ನಿಜವಾಗುವುದೆಂದು ಇಟ್ಟುಕೊಳ್ಳಿ. ಆಗ ಆರೂ ಹೇಂಟೆಗಳೇ ಆಗುವ ಸಂಭವವೆಷ್ಟು? ೦.೯ನ್ನು ಆರು ಸಲ ಗುಣಿಸಿದರೆ ಸುಮಾರು ೦.೫೩ ಬರುತ್ತದೆ. ಅಂದರೆ ಇಂತಹ ಆರು ಮರಿಗಳನ್ನು ಕೊಂಡವರಲ್ಲಿ ಅರ್ಧಕ್ಕೆ ಸಮೀಪದ ಜನರ ಮನೆಯಲ್ಲಿ ಒಂದಾದರೂ ಹುಂಜ ಕೂಗುತ್ತದೆ! ನಗರದೊಳಗೆ ಹುಂಜವನ್ನು ಸಾಕಲು ಅಮೆರಿಕದ ಅನೇಕ ಪುರಸಭೆಗಳು ಅನುಮತಿ ಕೊಡುವುದಿಲ್ಲ. ಆದುದರಿಂದ ಹುಂಜವಾದರೆ ಏನು ಮಾಡುವೆನೆಂಬ ಪ್ರಶ್ನೆಗೆ ಮರಿಯನ್ನು ಕೊಳ್ಳುವ ಮೊದಲೇ ಉತ್ತರವಿರಬೇಕು.

ಮೂರನೆಯದು ಆರೋಗ್ಯ. ಪುಲ್ಲೋರಮ್ ಎಂಬ ಭೇದಿರೋಗವು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ತಗಲಬಲ್ಲುದು. ಇದನ್ನು ತೊಡೆದುಹಾಕಲು ಅಮೆರಿಕದಲ್ಲಿ ೧೯೩೫ರಲ್ಲಿ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆಯು ಆರಂಭವಾಯಿತು. ಆ ಯೋಜನೆಗೆ ಸೇರಿದ ಕೇಂದ್ರದಲ್ಲಿ ಹುಟ್ಟಿದ ಮರಿಯೇ, ಮೊದಲ ದಿನವೇ ಹಾಕಬೇಕಾದ ಮಾರೆಕ್ಸ್ ರೋಗದ ಲಸಿಕೆಯನ್ನು ಹಾಕಿದೆಯೇ ಎಂದು ಕೇಳಬೇಕು. ಕಣ್ಣಿಗೆ ಕಾಣುವ ಲಕ್ಷಣಗಳೂ ಉಂಟು: ಒಳ್ಳೆಯ ಮರಿಯು ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲುತ್ತದೆ; ಕಣ್ಣು ಹೊಳೆಯುತ್ತದೆ; ಹೊಕ್ಕುಳು ಮುಚ್ಚಿರುತ್ತದೆ; ಹಿಂಭಾಗದಲ್ಲಿ ಹಿಕ್ಕೆ ಅಂಟಿರುವುದಿಲ್ಲ.

ಕೊಳ್ಳುವ ಮುನ್ನ ಮನೆಯಲ್ಲಿ

ಮರಿಯನ್ನು ತಂದ ಮೇಲೆ ಪೆಟ್ಟಿಗೆ ಹುಡುಕುವುದು, ಬಾಯಾರಿದ ಮೇಲೆ ಬಾವಿ ತೋಡಿದಂತೆ. ತಾಯಿಯ ನಾಲ್ಕು ಕೆಲಸಗಳಿಗೂ ಮೊದಲೇ ವ್ಯವಸ್ಥೆಯಾಗಿರಬೇಕು.

ಕಾವು: ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು ೩೫ ಡಿಗ್ರಿ ಶಾಖ ಬೇಕು; ಆಮೇಲೆ ವಾರಕ್ಕೆ ಸುಮಾರು ೩ ಡಿಗ್ರಿಯಂತೆ ಕಡಿಮೆ ಮಾಡುತ್ತ ಬರಬೇಕು. ಉಷ್ಣಮಾಪಕಕ್ಕಿಂತ ಮರಿಗಳೇ ಒಳ್ಳೆಯ ಸಾಕ್ಷಿ. ದೀಪದಡಿಯಲ್ಲಿ ಒತ್ತೊತ್ತಾಗಿ ಗುಂಪುಗೂಡಿ ಕೂಗಿದರೆ ಚಳಿ. ದೀಪದಿಂದ ದೂರ ಸರಿದು ಬಾಯ್ದೆರೆದು ಏದಿದರೆ ಸೆಕೆ. ಎಲ್ಲವೂ ಒಂದೇ ಬದಿಗೆ ಸೇರಿದರೆ ಮತ್ತೊಂದು ಬದಿಯಿಂದ ಬೀಸುಗಾಳಿ ಬರುತ್ತಿದೆ. ಹರಡಿಕೊಂಡು ಮೇಯುತ್ತ ಮಲಗುತ್ತ ಇದ್ದರೆ ಹದವಾಗಿದೆ. ದೀಪವು ಹೊಟ್ಟಿನ ಮೇಲೆ ಬೀಳದಂತೆ ಬಿಗಿಯಾಗಿ ಕಟ್ಟಬೇಕು. ಇಲ್ಲವಾದರೆ ಬೆಂಕಿಯ ಭಯ.

ನೆಲ: ನುಣುಪಾದ ಕಾಗದದ ಮೇಲೆ ಮರಿಯ ಕಾಲು ಜಾರಿ ಅಗಲವಾಗಿ ಸೊಟ್ಟಗಾಗುವುದುಂಟು. ಒಣಗಿದ ಭತ್ತದ ಹೊಟ್ಟು ಅಥವಾ ಮರದ ಹೊಟ್ಟಿನ ಹಾಸು ಉತ್ತಮ. ಹಾಸು ಒದ್ದೆಯಾದರೆ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಗೆ ಎಡೆಯಾಗುತ್ತದೆ.

ನೀರು ಮತ್ತು ಆಹಾರ: ತಂದೊಡನೆ ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ತಾಗಿಸಿ ಕುಡಿಯಲು ಕಲಿಸಬೇಕು, ತಾಯಿಯಿದ್ದಿದ್ದರೆ ಅದು ಕಲಿಸುತ್ತಿತ್ತು. ನೀರಿನ ಪಾತ್ರೆಯು ಆಳವಿಲ್ಲದ್ದಾಗಿರಬೇಕು, ಇಲ್ಲವಾದರೆ ಮರಿಗಳು ಅದರಲ್ಲಿಯೇ ಮುಳುಗುತ್ತವೆ. ಬರಿಯ ಅನ್ನ, ನುಚ್ಚುಗಳು ಸಾಲವು. ಎಳೆಯ ಮರಿಯ ಮೇವಿನಲ್ಲಿ ನೂರಕ್ಕೆ ಸುಮಾರು ೧೮ರಿಂದ ೨೦ ಭಾಗ ಸಸಾರಜನಕವಿರಬೇಕು.

ರಕ್ಷಣೆ: ಬೆಕ್ಕು, ಇಲಿ, ಕಾಗೆಗಳಿಂದ ಮರಿಯನ್ನು ಕಾಯುವಂತೆಯೇ ಮರಿಯಿಂದ ನಮ್ಮನ್ನೂ ಕಾಯಬೇಕು. ಆರೋಗ್ಯವಾಗಿ ಕಾಣುವ ಮರಿಯಲ್ಲಿಯೂ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಮುತ್ತಿಡಕೂಡದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಕೂಡದು.

ಇನ್ನು ಖರ್ಚಿನ ಮಾತು. ಮೊಟ್ಟೆಯ ತಳಿಯ ಒಂದು ಮರಿಯು ೨೦ ವಾರ ತುಂಬುವ ಹೊತ್ತಿಗೆ ಸುಮಾರು ೭ ಕಿಲೋ ಮೇವು ತಿನ್ನುತ್ತದೆ. ಆರು ಮರಿಗಳಿಗೆ ೪೨ ಕಿಲೋ. ಅಲ್ಲಿಯವರೆಗೆ ಒಂದು ಮೊಟ್ಟೆಯೂ ಇಲ್ಲ. ಬಳಿಕ ಪ್ರತಿಯೊಂದಕ್ಕೂ ದಿನಕ್ಕೆ ಸುಮಾರು ೧೧೦ ಗ್ರಾಂ. ಮರಿಗೆ ಕೊಟ್ಟ ಹಣವು ಈ ಮೊತ್ತದ ಮುಂದೆ ಎಷ್ಟರದು?

ನಮ್ಮ ನಾಡಿನಲ್ಲಿ

ನಮ್ಮ ದೇಶದಲ್ಲಿಯೂ ಮರಿಗಳನ್ನು ನೆಚ್ಚಿಕೆಯಿಂದ ಕೊಳ್ಳುವ ಸ್ಥಳಗಳಿವೆ. ಕೇಂದ್ರ ಸರಕಾರವು ಸ್ಥಾಪಿಸಿದ ಪ್ರಾದೇಶಿಕ ಕೋಳಿ ಅಭಿವೃದ್ಧಿ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿದೆ. ಮತ್ತೊಂದು ಇಲ್ಲಿಯೇ ಮುಂಬಯಿಯ ಗೋರೆಗಾಂವ್ ಬಳಿಯ ಆರೆ ಕಾಲನಿಯಲ್ಲಿ. ಹಿತ್ತಲಿನಲ್ಲಿ ಸಾಕಲೆಂದೇ ರೂಪಿಸಿದ ತಳಿಗಳೂ ಇವೆ: ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ, ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ ಮತ್ತು ಗ್ರಾಮಪ್ರಿಯ. ಊರಿನಲ್ಲಿ ಅಜ್ಜಿಯೋ ಚಿಕ್ಕಮ್ಮನೋ ಕೋಳಿ ಸಾಕಲು ಬಯಸಿದರೆ ನೀವು ಈ ಹೆಸರುಗಳನ್ನು ತಿಳಿಸಬಹುದು. ರಾಣಿಖೇತ್ ರೋಗದ ಲಸಿಕೆಯನ್ನು ಮರೆಯದಂತೆಯೂ ಹೇಳಿರಿ. ಹಿಮಾಲಯದ ತಪ್ಪಲಿನ ಊರಿನ ಹೆಸರನ್ನು ಹೊತ್ತ ಈ ರೋಗವು ಹೊಕ್ಕರೆ ಗೂಡಿಗೆ ಗೂಡೇ ಬರಿದಾಗುತ್ತದೆ. ಮೊದಲ ವಾರದಲ್ಲಿಯೇ ಕಣ್ಣಿಗೆ ಅಥವಾ ಮೂಗಿಗೆ ಹಾಕುವ ಒಂದು ಹನಿ ಲಸಿಕೆಯಿಂದ ರಕ್ಷಣೆಯು ಆರಂಭವಾಗುತ್ತದೆ. ಮುಂದಿನ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು.

ಬಣ್ಣದ ಮರಿಗಳು

ಇನ್ನು ನಗರದ ಬೀದಿಯಲ್ಲಿ ಮಾರುವ ಹಸಿರು, ಗುಲಾಬಿ, ನೀಲಿ ಬಣ್ಣದ ಮರಿಗಳು. ಅಂತಹ ಬಣ್ಣದ ಕೋಳಿಯು ಲೋಕದಲ್ಲಿ ಎಲ್ಲಿಯೂ ಇಲ್ಲ. ಇವು ಬಹುಮಟ್ಟಿಗೆ ಮೊಟ್ಟೆಯ ತಳಿಯ ಗಂಡುಮರಿಗಳು. ಗಂಡು ಮೊಟ್ಟೆಯನ್ನಿಡದು, ಮಾಂಸದ ತಳಿಯಂತೆ ಬೇಗ ಬೆಳೆಯದು. ಆದುದರಿಂದ ಮರಿ ಮಾಡುವ ಕೇಂದ್ರಗಳಿಗೆ ಅದು ಬೇಡವಾದದ್ದು. ಲೋಕದಲ್ಲೆಲ್ಲ ಇಂತಹ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿಯುಂಟು. ಜರ್ಮನಿಯು ೨೦೨೨ರ ಜನವರಿ ೧ರಿಂದ ಇದನ್ನು ಕಾನೂನಿನಿಂದ ನಿಲ್ಲಿಸಿತು. ಈಗ ಅಲ್ಲಿ ಮೊಟ್ಟೆಯೊಳಗಿರುವಾಗಲೇ ಗಂಡುಹೆಣ್ಣುಗಳನ್ನು ತಿಳಿಯುವ ಉಪಾಯಗಳು ಬಳಕೆಯಲ್ಲಿವೆ. ನಮ್ಮಲ್ಲಿ ಇವುಗಳ ಒಂದು ಪಾಲು ಬಣ್ಣದ ನೀರಿನಲ್ಲಿ ಅದ್ದಿಸಿಕೊಂಡು, ಕಾವಿಲ್ಲದೆ ಬಿಸಿಲು ಗಾಳಿಗಳಲ್ಲಿ ದಿನವಿಡೀ ಬುಟ್ಟಿಯಲ್ಲಿದ್ದು, ಮಕ್ಕಳ ಕೈಗೆ ಬರುತ್ತದೆ. ಮಗುವು ಪ್ರೀತಿಯಿಂದಲೇ ತರುತ್ತದೆ; ರಟ್ಟಿನ ಡಬ್ಬಿಯಲ್ಲಿಟ್ಟು ಅಕ್ಕಿ ಹಾಕುತ್ತದೆ; ಮರಿಯು ರಾತ್ರಿಯೆಲ್ಲ ಕೂಗಿ, ಒಂದೆರಡು ದಿನಗಳಲ್ಲಿ ತಣ್ಣಗಾಗುತ್ತದೆ. ಅದು ಅಕ್ಕಿಗಾಗಿ ಕೂಗಲಿಲ್ಲ, ರೆಕ್ಕೆಯ ಬಿಸುಪಿಗಾಗಿ ಕೂಗಿತು ಎಂಬುದು ಈ ಪಾಠವನ್ನು ಓದಿದ ನಿಮಗೆ ತಿಳಿದಿರಬೇಕು.

೧೯೬೦ರ ಪ್ರಾಣಿಗಳ ಮೇಲಣ ಕ್ರೌರ್ಯ ತಡೆ ಕಾಯಿದೆಯ ೩ನೆಯ ಕಲಮಿನಂತೆ, ಪ್ರಾಣಿಯು ಯಾರ ವಶದಲ್ಲಿದೆಯೋ ಅವರು ಅದರ ಯೋಗಕ್ಷೇಮಕ್ಕೆ ಬೇಕಾದ ಕ್ರಮಗಳನ್ನೆಲ್ಲ ಕೈಗೊಳ್ಳುವುದು ಕರ್ತವ್ಯ. ಈ ಕರ್ತವ್ಯವು ಮಾರುವವನಿಗೆ ಹೇಗೋ ಕೊಂಡವನಿಗೂ ಹಾಗೆಯೇ.

ಕನಿಕರದಿಂದ ಕೊಂಡರೆ ತಪ್ಪೇನು ಎಂದು ನೀವು ಕೇಳಬಹುದು. ಕನಿಕರವು ದೊಡ್ಡ ಗುಣ. ಆದರೆ ಒಂದು ಬುಟ್ಟಿ ಬರಿದಾದರೆ ಮಾರುವವನು ಮರುದಿನ ಎರಡು ಬುಟ್ಟಿ ತರುತ್ತಾನೆ. ಒಂದೇ ಕೋಣೆಯ ಮನೆಯಲ್ಲಿ, ಎರಡು ಪಾಳಿಯ ಶಾಲೆ ಕೆಲಸಗಳ ನಡುವೆ, ತಾಯಿಯ ನಾಲ್ಕು ಕೆಲಸಗಳನ್ನು ಮಾಡಲು ನಮಗೆ ಸ್ಥಳವೂ ಕಾಲವೂ ಇಲ್ಲವೆಂದಾದರೆ ಕೊಳ್ಳದಿರುವುದೇ ಅಲ್ಲಿ ಕನಿಕರ. ಈಗಾಗಲೇ ಮನೆಗೆ ಬಂದಿರುವ ಮರಿಯಿದ್ದರೆ ಅದನ್ನು ಬೀದಿಗೆ ಬಿಡಬೇಡಿರಿ. ಮೇಲೆ ಹೇಳಿದಂತೆ ಕಾವು, ನೀರು, ಮೇವುಗಳನ್ನೊದಗಿಸಿ, ಸ್ವಲ್ಪ ಬಲಿತ ಮೇಲೆ ಕೋಳಿ ಸಾಕುವವರ ಗುಂಪಿಗೆ ಸೇರಿಸಿರಿ. ತಮ್ಮ ತಂಗಿಯರು ಹಟ ಹಿಡಿದಾಗ ಗದರಿಸದೆ, ಮರಿಗೆ ಬೇಕಾದುದನ್ನು ಒಂದೊಂದಾಗಿ ಹೇಳಿ, ನಮ್ಮ ಮನೆಯಲ್ಲಿ ಇದು ಸಾಧ್ಯವೇ ಎಂದು ಅವರನ್ನೇ ಕೇಳಿರಿ. ಮಕ್ಕಳು ನ್ಯಾಯವಾದ ಉತ್ತರವನ್ನೇ ಕೊಡುತ್ತಾರೆ.

ಅಭ್ಯಾಸ

೧. ಒಂದು ದಿನದ ಮರಿಯು ಆಹಾರವಿಲ್ಲದೆ ಅಂಚೆಯಲ್ಲಿ ಪ್ರಯಾಣ ಮಾಡಲು ಹೇಗೆ ಸಾಧ್ಯವಾಗುತ್ತದೆ? ಈ ಏರ್ಪಾಡಿನಿಂದ ನಿಸರ್ಗದಲ್ಲಿ ಮರಿಗೆ ಏನು ಪ್ರಯೋಜನ?

೨. ಮರಿಗಳೆಲ್ಲ ಪೆಟ್ಟಿಗೆಯ ಒಂದೇ ಬದಿಗೆ ಸೇರಿಕೊಂಡಿವೆ. ನೀವು ಏನನ್ನು ಪರೀಕ್ಷಿಸುವಿರಿ?

೩. ವಿಂಗಡಿಸದ ನಾಲ್ಕು ಮರಿಗಳನ್ನು ಕೊಂಡರೆ ನಾಲ್ಕೂ ಹೇಂಟೆಗಳಾಗುವ ಸಂಭವವೆಷ್ಟು?

೪. ಎಂಟು ಹೇಂಟೆಗಳಿಗೆ ದಿನಕ್ಕೆ ೧೧೦ ಗ್ರಾಮಿನಂತೆ ೩೦ ದಿನಗಳಿಗೆ ಬೇಕಾಗುವ ಮೇವಿನ ತೂಕವನ್ನು ಲೆಕ್ಕಮಾಡಿರಿ. ನಿಮ್ಮ ಬಡಾವಣೆಯಲ್ಲಿ ಮೇವಿನ ಬೆಲೆಯನ್ನು ವಿಚಾರಿಸಿ ಖರ್ಚನ್ನು ಬರೆಯಿರಿ.

೫. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಹೇಂಟೆಯನ್ನು ಕಾವಿಗೆ ಕೂರಿಸುವ ಕ್ರಮವನ್ನು ಹಿರಿಯರಿಂದ ಕೇಳಿ ತಿಳಿದು, ಒಂದು ಪುಟದಷ್ಟು ಬರೆದು ತನ್ನಿರಿ.